ಭಾರದ ಸಫೇದಾ

ಕಂಪನಿಯವರು ಹೊಸಪೇಟೆಯ ಕ್ಯಾಂಪು ಮುಗಿಸಿ ಪರದೆ, ಪೆಟ್ಟಿಗೆ, ಕಾಲು ಹಾರ್ಮೋನಿಯಂ ಎಲ್ಲವನ್ನೂ ಗಾಡಿಗೆ ಏರಿಸಿದ ದಿನ ನಾನು ಮಾತ್ರ ಗಾಡಿ ಹತ್ತಲಿಲ್ಲ. ಹತ್ತಬೇಡ ಅಂತ ಯಾರೂ ಹೇಳಿರಲಿಲ್ಲ. ಆದರೆ ಆ ಕ್ಯಾಂಪಿನ ಕೊನೆಯ ಮೂರು ಆಟಗಳಲ್ಲಿ ನನ್ನ ಹಾಡುಗಳನ್ನು ಪರದೆಯ ಹಿಂದೆ ನಿಂತು ಇನ್ನೊಬ್ಬಳು ಹಾಡಿದ್ದಳು, ನಾನು ಮುಂದೆ ನಿಂತು ತುಟಿ ಅಲ್ಲಾಡಿಸಿದ್ದೆ. ಮೇಲಿನ ಷಡ್ಜಕ್ಕೆ ಏರಿದರೆ ಗಂಟಲು ಹಳೇ ಬಟ್ಟೆ ಹರಿದಂತೆ ಪರ್ ಅನ್ನುತ್ತಿತ್ತು. ರಾಣಿಯ ಪಾರ್ಟಿನಿಂದ ರಾಣಿಯ ತಾಯಿಗೆ, ತಾಯಿಯಿಂದ ದಾಸಿಗೆ ಅವರು ಇಳಿಸುವ ಮೊದಲು ನಾನೇ ಇಳಿದುಬಿಟ್ಟೆ. ಜಂಬ ನನಗೆ ಮೊದಲಿನಿಂದಲೂ ಒಂದು ಗುಲಗಂಜಿ ಜಾಸ್ತಿ.

ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಹಾಡು ಬಿಟ್ಟರೆ ನನಗೆ ಗೊತ್ತಿದ್ದ ವಿದ್ಯೆ ಒಂದೇ, ಮುಖ ಮಾಡುವುದು. ಹದಿನೈದು ವರ್ಷ ಕಂಪನಿಯ ಬಣ್ಣದ ಮಾಸ್ತರರ ಎದುರು ಮಣೆ ಹಾಕಿಕೊಂಡು ಕೂತವಳು ನಾನು. ಯಾವ ಮೂಗಿಗೆ ಎಲ್ಲಿ ನೆರಳು ಹಾಕಬೇಕು, ಗುಳಿಬಿದ್ದ ಕೆನ್ನೆಯನ್ನು ಹೇಗೆ ತುಂಬಬೇಕು, ಇವೆಲ್ಲ ನೋಡಿ ನೋಡಿಯೇ ಕೈಗೆ ಬಂದಿದ್ದವು. ಯುದ್ಧ ಶುರುವಾಗಿ ಸೀಮೆಯ ಸ್ನೋ, ಪೌಡರು ಬರುವುದು ನಿಂತಿದ್ದ ಕಾಲ ಅದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಅಕ್ಕಿ ಅಂಗಡಿಯ ಮುಂದೆ ಸಾಲು ನಿಂತ ಊರಿನಲ್ಲೇ ಮುಖಕ್ಕೆ ಹಚ್ಚುವ ಪುಡಿ ಕೇಳುವವರಿಗೂ ಬರ ಇರಲಿಲ್ಲ. ಆ ಪುಡಿಯನ್ನು ನಾನೇ ಯಾಕೆ ಮಾಡಬಾರದು ಅನ್ನಿಸಿತು.

ಪುಡಿಗೆ ಬೇಕಾದದ್ದು ಸಫೇದಾ. ಬಾಗಿಲು ಕಿಟಕಿಗೆ ಬಣ್ಣ ಹೊಡೆಯುವವರ ಅಂಗಡಿಯಲ್ಲಿ ಸಿಗುವ ಬಿಳಿಯ ಪುಡಿ ಅದು. ಅದರಲ್ಲಿ ಎರಡು ಜಾತಿ. ಸತುವಿನಿಂದ ಮಾಡಿದ್ದು ಹಗುರ, ಸೀಸದಿಂದ ಮಾಡಿದ್ದು ಭಾರ. ಕಂಪನಿಯಲ್ಲಿ ನಾವು ಹೆಸರು ಹೇಳುತ್ತಿರಲಿಲ್ಲ, ಹಗುರದ್ದು, ಭಾರದ್ದು ಅಂತಲೇ ಕರೆಯುತ್ತಿದ್ದೆವು. ಮೊದಲು ನಾನು ಹಗುರದ್ದನ್ನು ತಂದೆ. ನೀರಿನಲ್ಲಿ ಕದಡಿ, ತಳದಲ್ಲಿ ಕೂತ ಗರಸನ್ನು ಬಿಟ್ಟು ಮೇಲಿನ ಹಾಲಿನಂಥ ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಹೀಗೆ ಏಳು ಸಲ ತೊಳೆದು ನೆರಳಲ್ಲಿ ಒಣಗಿಸಿದೆ. ಬಳಪದ ಕಲ್ಲನ್ನು ಅರೆದು ಸೇರಿಸಿದೆ. ನಮ್ಮ ಹೆಂಗಸರ ಚರ್ಮಕ್ಕೆ ಬರೀ ಬಿಳಿ ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದೆ, ಅದಕ್ಕೆ ಸಂಡೂರಿನ ಗುಡ್ಡದ ಕೆಮ್ಮಣ್ಣನ್ನು ತರಿಸಿ, ಚಿಟಿಕೆ ಚಿಟಿಕೆಯಾಗಿ ಬೆರೆಸಿ ಹದ ನೋಡಿದೆ. ಕೊನೆಗೆ ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿದು, ಅತ್ತರಿನ ಹತ್ತಿ ಇಟ್ಟು, ತಗಡಿನ ಡಬ್ಬಿಗೆ ತುಂಬಿದೆ.

ಆದರೆ ಮನೆಮನೆಗೆ ಹೋಗಿ ಮಾರುವ ಹಾಗಿರಲಿಲ್ಲ. ನಾಟಕದವಳನ್ನು ಯಾವ ಮರ್ಯಾದಸ್ಥರು ತಲೆಬಾಗಿಲಲ್ಲಿ ಒಳಗೆ ಬಿಟ್ಟುಕೊಳ್ಳುತ್ತಾರೆ? ಪಾಪಿನಾಯಕನಹಳ್ಳಿಯ ಒಬ್ಬ ಸೂಲಗಿತ್ತಿ ನನಗೆ ದಾರಿಯಾದಳು. ಹೊಸಪೇಟೆಯಿಂದ ಕಂಪ್ಲಿಯವರೆಗೂ ಅವಳ ಕೈಯಲ್ಲಿ ಹುಟ್ಟದ ಮಗುವಿಲ್ಲ, ಅವಳು ಕಾಲಿಡದ ಒಳಕೋಣೆಯಿಲ್ಲ. ಬಾಣಂತಿಯ ಎಣ್ಣೆ, ಮದ್ದಿನ ಜೊತೆಗೆ ನನ್ನ ಡಬ್ಬಿಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಹೋದ ವೇಗದಲ್ಲೇ ವಾಪಸ್ಸು ತಂದಳು.

"ತಂಗಿ, ನಿನ್ ಪುಡಿ ಸೋಬಾನ ಮುಗಿಯೋದ್ರೊಳಗ ಹಾರಿ ಹೊಕ್ಕೈತಿ ನೋಡು. ಮದುಮಗಳು ಬೆವರಿದ್ಲಂದ್ರ ಸುಣ್ಣ ಉದುರಿದ ಗೋಡಿ ಕಂಡಂಗ ಕಾಣತಾಳ. ಮಂದಿ ನಗ್ತಾರ."

ನಮ್ಮ ಬಿಸಿಲಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ರಂಗದ ಮೇಲೆ ಬೆವರು ನಿಲ್ಲಿಸುತ್ತಿದ್ದುದು ಭಾರದ್ದು. ಒಂದು ಚಿಟಿಕೆ ಸಾಕು, ಎಣ್ಣೆಯಂತೆ ಚರ್ಮಕ್ಕೆ ಅಂಟಿ ಕೂರುತ್ತದೆ. ಅದು ಸೀಸದ್ದು ಅಂತ ನನಗೆ ಗೊತ್ತಿತ್ತು. ಅದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ನನ್ನ ಮುಖಕ್ಕೇ ಹದಿನೈದು ವರ್ಷ ಮೆತ್ತಿದ್ದರಲ್ಲ, ನಾನು ಚೆನ್ನಾಗಿಯೇ ಇದ್ದೆನಲ್ಲ. ರಂಗದ ಮುಖ ಆಟ ಮುಗಿದ ಕೂಡಲೇ ಕೊಬ್ಬರಿ ಎಣ್ಣೆಯಲ್ಲಿ ಒರೆಸಿ ಹೋಗುತ್ತದೆ, ಮನೆಯ ಮುಖ ಹಗಲಿಡೀ ಇರುತ್ತದೆ ಅನ್ನುವ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ. ಇಂಥ ತಪ್ಪು ಮಾಡಲು ನಾಟಕದವರೇ ಆಗಬೇಕು.

ಭಾರದ ಪುಡಿ ಗೆದ್ದಿತು. ಮೊಣಕೈಗೆ ಒಂದು ಚೂರು ಹಚ್ಚಿ, ಬಿಸಿಲಿಗೆ ಹಿಡಿದು ಊದಿದರೆ ಒಂದು ಕಣವೂ ಹಾರುತ್ತಿರಲಿಲ್ಲ. ಮೂರು ತಿಂಗಳಲ್ಲಿ ನನ್ನ ಕೋಣೆಯ ಗೂಡು, ಕಿಟಕಿ, ಹಾಸಿಗೆಯ ಅಂಚು ಎಲ್ಲದರ ಮೇಲೂ ತೆಳುವಾದ ಬಿಳಿ ಕೂತಿತ್ತು. ರೊಟ್ಟಿ ಮುರಿದರೆ ಅದಕ್ಕೂ ಸ್ವಲ್ಪ ಸಿಹಿ ಬಂದ ಹಾಗೆ ಅನ್ನಿಸುತ್ತಿತ್ತು. ನಾನು ಅದನ್ನು ವ್ಯಾಪಾರದ ಸಿಹಿ ಅಂದುಕೊಂಡೆ.

ಸೂಲಗಿತ್ತಿ ಎಲ್ಲಕ್ಕಿಂತ ಹೆಚ್ಚು ಡಬ್ಬಿ ಒಯ್ಯುತ್ತಿದ್ದುದು ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಮನೆಗೆ. ಆ ಮನೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಡುಗಿ ಕಪ್ಪು. ಮದುವೆಯಲ್ಲೇ ಬೀಗರು ಒಂದು ಮಾತು ಆಡಿದ್ದರಂತೆ. ಗಂಡುಮಗು ಹುಟ್ಟಿದೆ, ಐದನೇ ತಿಂಗಳಿಗೆ ಗಂಡನ ಮನೆಯವರು ಕರೆದೊಯ್ಯಲು ಬರುತ್ತಾರೆ, ಅಷ್ಟರೊಳಗೆ ಮಗಳು ಬೆಳ್ಳಗೆ ಕಾಣಬೇಕು ಅನ್ನುವುದು ಅವಳ ತಾಯಿಯ ಹಟ. ಆ ತಾಯಿಯನ್ನು ಎಲ್ಲರೂ ಗಿರಣಿ ಅಮ್ಮಾರು ಅನ್ನುತ್ತಿದ್ದರು. ತೊಟ್ಟಿಲ ದಿನ ಮಗಳಿಗೆ ನನ್ನ ಪುಡಿ ಹಚ್ಚಿ ಕೂರಿಸಿದಾಗ ಬಂದವರೆಲ್ಲ ಬಾಣಂತಿಗೆ ಕಳೆ ಬಂದಿದೆ ಅಂದರಂತೆ. ಸುದ್ದಿ ಕೇಳಿ ನಾನು ಎಷ್ಟು ಉಬ್ಬಿದೆ ಅಂದರೆ, ಬಿದ್ದುಹೋದ ಗಂಟಲಿನಲ್ಲೇ ಒಂದು ಪದ ಗುನುಗಿದೆ.

ಮುಂದಿನ ಸಲ ಡಬ್ಬಿಗೆ ಬಂದಾಗ ಸೂಲಗಿತ್ತಿ ಹೇಳಿದಳು, "ಗಿರಣಿ ಮನಿ ಕೂಸು ಯಾಕೋ ಭಾಳ ಅಳಾಕ ಹತ್ತೈತಿ ತಂಗಿ. ದೃಷ್ಟಿ ಆಗಿರಬೇಕು."

ಅದರ ಮುಂದಿನ ಸಲ, "ಕುಡಿದ ಹಾಲೆಲ್ಲ ಕಾರತೈತಿ. ಹೊಟ್ಟಿ ಕಲ್ಲಾಗೇತಿ. ತಾಯತ ಕಟ್ಟ್ಯಾರ, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲಿಗೆ ಹಾಕ್ಯಾರ. ಘಾಟ ಬರಲಿಲ್ಲಂತ. ದೊಡ್ಡ ದೃಷ್ಟಿನ ಅದು."

ಮೂರನೆಯ ಸಲ ಅವಳು ಒಳಗೆ ಬಂದು ಕೂರಲಿಲ್ಲ, ಹೊಸ್ತಿಲಲ್ಲೇ ನಿಂತಳು. "ಬಾಣಂತಿ ಕೂಸಿನ ಚಿಂತ್ಯಾಗ ಸೊರಗ್ಯಾಳ. ಮುಖ ಕಪ್ಪಿಟ್ಟೈತಿ ಅಂತ ಅವರವ್ವ ಈಗ ಎರಡು ಹೊತ್ತು ಹಚ್ಚತಾಳ. ಮುಖ, ಕೊರಳು, ಎದಿತನಕ. ಇನ್ನೆರಡು ಡಬ್ಬಿ ಜಾಸ್ತಿ ಕೊಡು."

ಎದೆಯತನಕ ಅಂದದ್ದು ನನ್ನ ಕಿವಿಯಲ್ಲಿ ಉಳಿಯಿತು. ಡಬ್ಬಿ ಎತ್ತಿಕೊಡಲು ಹೋದರೆ ನನ್ನ ಬಲಗೈ ಮಣಿಕಟ್ಟಿನಿಂದ ತಾನಾಗಿ ಜೋತುಬಿತ್ತು, ಡಬ್ಬಿ ನೆಲಕ್ಕೆ ಬಿದ್ದು ಉರುಳಿತು. ಒಂದು ವಾರದಿಂದ ಹೀಗಾಗುತ್ತಿತ್ತು. ಹೊಟ್ಟೆಯಲ್ಲಿ ಹಿಂಡುವ ನೋವೂ ಇತ್ತು. ಜರಡಿ ಹಿಡಿದ ಆಯಾಸ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಆ ಜೋತ ಕೈಯನ್ನು ನಾನು ಬೇರೆ ಎಲ್ಲೋ ನೋಡಿದ್ದೆ. ನೋಡಿದ್ದು ಬಣ್ಣದ ಮಾಸ್ತರರಲ್ಲಿ. ಕೊನೆಕೊನೆಗೆ ಅವರು ಕುಂಚವನ್ನು ಮಣಿಕಟ್ಟಿಗೆ ದಾರದಿಂದ ಕಟ್ಟಿಕೊಂಡು ಮುಖ ಬರೆಯುತ್ತಿದ್ದರು. ನಾವು ಅದನ್ನು ಮುಪ್ಪು ಅಂದುಕೊಂಡಿದ್ದೆವು. ಅವರಿಗಾಗ ಐವತ್ತೂ ಆಗಿರಲಿಲ್ಲ.

ಮರುದಿನವೇ ಗಾಡಿ ಮಾಡಿಕೊಂಡು ಹಂಪಿಗೆ ಹೋದೆ. ಕಂಪನಿ ಬಿಟ್ಟಮೇಲೆ ಮಾಸ್ತರರು ಅಲ್ಲಿ ಮಗಳ ಜೊತೆ ಇದ್ದರು. ಗುಡಿಯ ಮುಂದಿನ ಬಜಾರಿನ ಸಾಲುಮಂಟಪದಲ್ಲಿ ಎರಡು ಅಂಕಣಕ್ಕೆ ಮಣ್ಣಿನ ಗೋಡೆ ಹಾಕಿಕೊಂಡ ಮನೆ. ನಾನು ಹೋದಾಗ ಮಗಳು ಅವರಿಗೆ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಎರಡೂ ಕೈಗಳು ತೊಡೆಯ ಮೇಲೆ ಬಿದ್ದುಕೊಂಡಿದ್ದವು.

"ಬಾ ಮಗಳ, ಕುಂದ್ರು. ಗಂಟಲ ಹೆಂಗೈತಿ?"

"ಗಂಟಲ ಹೋತ್ರಿ ಮಾಸ್ತರ. ಒಂದು ಮಾತು ಕೇಳಾಕ ಬಂದೀನಿ. ಹಡೆದ ನಟಿಗೆ ಕೂಸು ಮೊಲಿ ಬಿಡೋತನಕ ನೀವು ಬಣ್ಣ ಹಚ್ಚತಿದ್ದಿಲ್ಲ. ಯಾಕ್ರಿ?"

ಇದು ನಮ್ಮ ಕಂಪನಿಯ ಕಟ್ಟುಪಾಡು. ಹಾಲುಣಿಸುವವಳು ಅಡಿಗೆಮನೆಯಲ್ಲಿ ಇರಬಹುದಿತ್ತು, ಪರದೆಯ ಹಿಂದೆ ಹಾಡಬಹುದಿತ್ತು, ಬಣ್ಣದ ಮಣೆಗೆ ಮಾತ್ರ ಕೂರುವಂತಿರಲಿಲ್ಲ. ಆಟದ ನಡುವೆ ಮಗು ಅತ್ತೀತು ಅಂತ ಮಾಲಿಕರು ಮಾಡಿದ ಉಪಾಯ ಅಂತ ನಾವು ಹುಡುಗಿಯರು ನಗುತ್ತಿದ್ದೆವು.

"ನಮ್ಮ ಗುರುಗಳು ಹೇಳಿದ್ರು, ಹಾಲಿಗೂ ಭಾರದ್ದಕ್ಕೂ ಆಗಂಗಿಲ್ಲ ಅಂತ," ಅಂದರು ಮಾಸ್ತರರು. "ಅವರು ಒಂದ್ಸಲ ಹಚ್ಚಿದ್ರಂತ."

"ಏನಾತ್ರಿ?"

"ಆಮ್ಯಾಲ ಎಂದೂ ಹಚ್ಚಲಿಲ್ಲ."

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಸೆರಗಿನೊಳಗೆ ಎಳೆದುಕೊಂಡೆ. "ತುಟಿ ಕೆಳಗ ಮಾಡು" ಅಂದರು. ಬಾಗಿಲಿನ ಬೆಳಕಿಗೆ ತಿರುಗಿ ಕೆಳತುಟಿಯನ್ನು ಜಗ್ಗಿ ಹಿಡಿದೆ. ಮಾಸ್ತರರ ಮಗಳು ಕನ್ನಡಿ ತಂದು ಹಿಡಿದಳು. ಒಸಡಿನ ಅಂಚಿಗೆ, ಹಲ್ಲಿನ ಬುಡದಲ್ಲಿ, ಕಾಡಿಗೆಯಲ್ಲಿ ಗೆರೆ ಎಳೆದ ಹಾಗೆ ನೀಲಿಗಪ್ಪು. ಮಾಸ್ತರರು ತಮ್ಮ ಬಾಯಿ ತೆರೆದು ತೋರಿಸಿದರು. ಅವರಿಗೆ ಉಳಿದಿದ್ದ ನಾಲ್ಕು ಹಲ್ಲಿನ ಬುಡದಲ್ಲೂ ಅದೇ ಗೆರೆ ಇತ್ತು.

"ಯಾರಿಗೆ ಕೊಟ್ಟಿ ಮಗಳ?" ಅಂತ ಕೇಳಿದರು. ನಾನು ಎದ್ದು ಗಾಡಿಯ ಕಡೆಗೆ ನಡೆದೆ.

ಇಲ್ಲಿಂದ ನೇರ ಕಂಪ್ಲಿಗೆ ಓಡಿದೆ ಅಂತ ಬರೆಯಲು ಆಸೆಯಾಗುತ್ತದೆ. ಓಡಲಿಲ್ಲ. ಹೊಸಪೇಟೆಗೆ ಬಂದು ಹಗುರದ ಸಫೇದಾ ತರಿಸಿದೆ, ಅದೇ ಡಬ್ಬಿಗೆ ತುಂಬಿದೆ, ಅದೇ ಅತ್ತರು ಹಾಕಿದೆ. ಸೂಲಗಿತ್ತಿಯ ಕೈಯಲ್ಲಿಟ್ಟು, "ಹೊಸಾ ಮಾಲು, ಇನ್ನೂ ಚಲೋ ಐತಿ. ಇದನ್ನ ಕೊಟ್ಟು ಹಳೇವೆಲ್ಲ ತಿರುಗಿ ತಗೊಂಬಾ" ಅಂದೆ. ಯಾರಿಗೂ ತಿಳಿಯದ ಹಾಗೆ ಎಲ್ಲ ಸರಿಹೋಗಲಿ ಅನ್ನುವ ಹೇಡಿತನ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡು ಕೂತಿದ್ದೆ.

ನಾಲ್ಕನೆಯ ದಿನ ಹೊಸ ಡಬ್ಬಿಗಳೇ ತಿರುಗಿ ಬಂದವು.

"ಇದು ಮೊದಲಿನದಲ್ಲಂತ, ನಿಲ್ಲಂಗಿಲ್ಲಂತ. ಅಮ್ಮಾರು ನನ್ನ ಬೈದ್ರು. ಅವರ ಹತ್ರ ಹಳೇವು ಇನ್ನೂ ಮೂರು ಅದಾವ, ಅದನ್ನ ಹಚ್ಚತಾರ. ಬೀಗರು ಬರೋ ಶುಕ್ರವಾರ ಬರ್ತಾರ." ಆಮೇಲೆ ದನಿ ಇಳಿಸಿ, "ಕೂಸು ಮೊನ್ನೆ ಎರಡು ಸಲ ಕಣ್ಣು ಮ್ಯಾಲ ಮಾಡ್ತು. ಕೈಕಾಲು ಸೆಟದು ನೀಲಿಗಟ್ಟಿದ್ವು. ನನ್ನ ಕೈಯಾಗ ಹುಟ್ಟಿದ ಕೂಸು ತಂಗಿ. ಇದು ಉಳಿಯಂಗಿಲ್ಲ ಅನ್ನಿಸ್ತೈತಿ."

ಅವಳು ಹೋದಮೇಲೆ ಆ ಹಗಲೆಲ್ಲ ಗೋಡೆಗೆ ಒರಗಿ ಕೂತಿದ್ದೆ. ಹೋಗಿ ಹೇಳಿದರೆ ಹೊಡೆದಾರು, ಪೊಲೀಸರನ್ನು ಕರೆದಾರು. ಹೋಗದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ದೃಷ್ಟಿಯಾಗಿ ಹೋಯಿತು ಅಂತ ಅತ್ತು ಸುಮ್ಮನಾಗುತ್ತಾರೆ. ಈ ಎರಡನೆಯ ಯೋಚನೆ ಬಂದಾಗ ನನಗೆ ಒಂದು ಗಳಿಗೆ ಹಗುರ ಅನ್ನಿಸಿತು. ಆ ಹಗುರಕ್ಕೇ ಹೆದರಿ, ಬೆಳಗಾಗುತ್ತಲೇ ಕಂಪ್ಲಿಯ ಬಸ್ಸು ಹತ್ತಿದೆ.

ಗಿರಣಿ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ನಿಂತೆ. ಒಳಗಿನಿಂದ ಅಳು ಕೇಳುತ್ತಿತ್ತು, ತೆಳುವಾಗಿ, ಒಂದೇ ಶ್ರುತಿಯಲ್ಲಿ, ಉಸಿರು ತೆಗೆದುಕೊಳ್ಳಲಷ್ಟೇ ನಿಲ್ಲುವ ಅಳು. ಅಮ್ಮಾರು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರು? ನಾಟಕದಾಕಿ ಅಲ್ಲೇನು ನೀನು?"

"ಹೌದ್ರಿ ಅಮ್ಮಾರ. ಆ ಪುಡಿ ಮಾಡಿದಾಕಿ ನಾನು. ಅದನ್ನ ಹಚ್ಚಬ್ಯಾಡ್ರಿ. ಅದರಾಗ ಸೀಸ ಐತಿ. ತಾಯಿ ಎದಿಮ್ಯಾಲಿಂದ ಕೂಸಿನ ಹೊಟ್ಟಿಗೆ ಹೊಂಟೈತಿ."

"ಏನಂತಿ? ನನ್ನ ಮೊಮ್ಮಗಗ ದೃಷ್ಟಿ ಆಗೇತಿ. ನಾನೂ ಅದನ್ನ ಹಚ್ಚಿಕೊಂತೀನಿ, ನನಗೇನಾಗೇತಿ? ಮಾಲು ಕೆಡಿಸಿ ಕಳಿಸಿ, ಈಗ ಕತಿ ಕಟ್ಟಾಕ ಬಂದಿಯೇನು?"

ಮಾತಿಗೆ ಮಾತು ಬೆಳೆಸುವ ಹೊತ್ತಲ್ಲ ಅದು. ಅಲ್ಲೇ ಬಿಸಿಲಿನಲ್ಲಿ ನಿಂತು ಕೆಳತುಟಿ ಜಗ್ಗಿ ತೋರಿಸಿದೆ. "ಇದನ್ನ ನೋಡ್ರಿ. ನಿಮ್ಮ ಮಗಳದ್ದೂ ನೋಡ್ರಿ. ಈ ಗೆರಿ ಇಲ್ಲದಿದ್ರ ನನ್ನ ಕಂಬಕ್ಕ ಕಟ್ರಿ."

ಅಮ್ಮಾರು ಬೈಯುತ್ತಲೇ ಒಳಗೆ ಹೋದರು. ಬೈಗುಳ ನಡುವೆಯೇ ನಿಂತಿತು. ಮತ್ತೆ ಹೊರಗೆ ಬಂದಾಗ ಅವರ ಕೈಯಲ್ಲಿ ಕನ್ನಡಿ ಇತ್ತು, ತಮ್ಮದೇ ಕೆಳತುಟಿಯ ಮೇಲೆ ಬೆರಳು ಇತ್ತು. ಬಾಗಿಲಿನಿಂದ ಪಕ್ಕಕ್ಕೆ ಸರಿದರು. ನಾನು ಒಳಗೆ ಹೋದೆ.

ಬಾಣಂತಿಗೆ ಹದಿನೆಂಟೋ ಹತ್ತೊಂಬತ್ತೋ. ಕತ್ತಲ ಕೋಣೆಯಲ್ಲಿ ಅವಳ ಮುಖ ಮಾತ್ರ ಬೆಳ್ಳಗೆ ತೇಲುತ್ತಿತ್ತು. ನನ್ನ ಕೈಕೆಲಸ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಅಷ್ಟು ಅತ್ತರೂ ಒಂದು ಗೆರೆ ಹರಿದಿರಲಿಲ್ಲ. ಕೊಬ್ಬರಿ ಎಣ್ಣೆ ಕೇಳಿ ಇಸಿದುಕೊಂಡೆ. ಕಂಪನಿಯಲ್ಲಿ ಬಣ್ಣ ತೆಗೆಯುವ ಹಾಗೆಯೇ, ಹಣೆಯಿಂದ ಕೆಳಗೆ, ಒಂದೇ ದಿಕ್ಕಿಗೆ ಒರೆಸುತ್ತ ಬಂದೆ. ಎದೆಗೆ ಬಂದಾಗ ಅವಳು ನಾಚಿ ಸೆರಗು ಹಿಡಿದಳು, ಅವಳ ತಾಯಿ ಬಿಡಿಸಿದರು. ಬಟ್ಟೆ ಬೆಳ್ಳಗಾಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಬೆಳ್ಳಗಾಯಿತು. ನಾಲ್ಕನೆಯ ಬಟ್ಟೆಗೂ ಬಿಳಿ ಬರುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಎಷ್ಟು ನಾಟಕದಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದೆನೋ. ಆ ನಾಲ್ಕು ಬಟ್ಟೆಗಳನ್ನು ನೋಡುತ್ತ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಆಕಳ ಹಾಲಿಗೆ ನೀರು ಬೆರೆಸಿ ಕಾಯಿಸಿ ಒಳಲೆಯಲ್ಲಿ ಕುಡಿಸಿದೆವು. ಒಂದಿಷ್ಟು ಒಳಗೆ ಹೋಯಿತು. ಆಮೇಲೆ ಅಮ್ಮಾರು, ಮಗಳು, ಮಗು, ನಾನು ಹೊಸಪೇಟೆಯ ಸರಕಾರಿ ಆಸ್ಪತ್ರೆಗೆ ಬಸ್ಸಿನಲ್ಲಿ ಹೊರಟೆವು. ಪೆಟ್ರೋಲ್ ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಕಮಲಾಪುರದ ಹತ್ತಿರ ಇದ್ದಿಲು ಕೆದಕಲು ಬಸ್ಸು ನಿಲ್ಲಿಸಿದರು. ಅಲ್ಲೇ ಮಗುವಿನ ಕಣ್ಣು ಮೇಲೆ ಹೋಯಿತು. ಕೈ ಮುಷ್ಟಿಗಟ್ಟಿತು. ಕ್ಲೀನರು ಬಸ್ಸಿನ ಹಿಂದೆ ನಿಂತು ಗಾಳಿಯ ಚಕ್ರವನ್ನು ತಿರುಗಿಸುತ್ತಲೇ ಇದ್ದ, ಬೆಂಕಿ ಹತ್ತುತ್ತಿರಲಿಲ್ಲ. ಬಾಣಂತಿ ಅಳಲಿಲ್ಲ, ಮಗುವಿನ ಮುಷ್ಟಿಯನ್ನು ಬಿಡಿಸುತ್ತ ಕೂತಿದ್ದಳು, ಒಂದು ಬೆರಳು ಬಿಡಿಸಿದರೆ ಇನ್ನೊಂದು ಮಡಚುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ತಾಯಿಯ ಒಸಡು ನೋಡಿದರು, ನನ್ನದೂ ನೋಡಿದರು. ನಾನು ಮುಚ್ಚಿಡದೆ ಹೇಳಿದೆ. ಅವರು ಬೈಯಲಿಲ್ಲ. "ಎದೆಹಾಲು ಪೂರ್ತಿ ನಿಲ್ಲಿಸಿ. ಒಳಗೆ ಎಷ್ಟು ಹೋಗಿದೆಯೋ ನಾನು ಹೇಳಲಾರೆ. ಬದುಕಿದರೆ, ನಡೆಯುವ ವಯಸ್ಸಿಗೆ ಬಂದಮೇಲೆ ಉಳಿದದ್ದು ಗೊತ್ತಾಗುತ್ತದೆ" ಅಂದರು.

ಹನ್ನೊಂದು ದಿನ ಆಸ್ಪತ್ರೆಯ ಜಗುಲಿಯಲ್ಲಿ ಕಳೆದೆ. ಮಗು ಉಳಿಯಿತು. ಸೂಲಗಿತ್ತಿಯೂ ನಾನೂ ಮನೆಮನೆಗೆ ಹೋಗಿ ಡಬ್ಬಿಗಳನ್ನು ಕೇಳಿ ತಂದೆವು. ಕೆಲವರು ಮುಖಕ್ಕೆ ಎಸೆದರು. ಕೆಲವರು ಬಾಗಿಲು ಹಾಕಿಕೊಂಡರು. ಸಂಡೂರಿನಲ್ಲಿ ಒಬ್ಬಾಕೆ, "ನಮ್ಮನ್ಯಾಗ ಹಾಲು ಕುಡಿಯೋ ಕೂಸಿಲ್ಲ, ನಮಗಿರಲಿ ಬಿಡು" ಅಂತ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಅದನ್ನು ಕಿತ್ತುಕೊಂಡೇ ಬಂದೆ. ಬಂದದ್ದನ್ನೆಲ್ಲ, ಕೋಣೆಯಲ್ಲಿ ಉಳಿದಿದ್ದ ಸಫೇದಾದ ಜೊತೆಗೆ ಗೋಣಿಚೀಲದಲ್ಲಿ ಕಟ್ಟಿ, ಬಾವಿಯೂ ಹೊಲವೂ ಇಲ್ಲದ ಜಾಗದಲ್ಲಿ ಆಳು ಹಚ್ಚಿ ಎದೆಮಟ್ಟ ತೋಡಿಸಿ ಹೂತೆ. ಕೋಣೆಯನ್ನು ಮೂರು ಸಲ ತೊಳೆದೆ. ಸೀಗೆಪುಡಿ, ತಲೆಗೆ ಹಚ್ಚುವ ಎಣ್ಣೆ ಇಷ್ಟರಲ್ಲೇ ಬದುಕಿದರಾಯಿತು ಅಂದುಕೊಂಡೆ.

ಏಳೆಂಟು ತಿಂಗಳಾಗಿರಬೇಕು, ಒಂದು ಮಧ್ಯಾಹ್ನ ಆ ಹುಡುಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಬಾಗಿಲಿಗೆ ಬಂದಳು. ಡಾಕ್ಟರಮ್ಮನಿಗೆ ತೋರಿಸಲು ಬಂದಿದ್ದಳಂತೆ, ತಾಯಿಯನ್ನು ಆಸ್ಪತ್ರೆಯಲ್ಲೇ ಕೂರಿಸಿ ಒಬ್ಬಳೇ ಬಂದಿದ್ದಳು. ಚಾಪೆ ಹಾಸಿದೆ. ಮಗು ಮೈಕೈ ತುಂಬಿಕೊಂಡಿತ್ತು. ಎಡಗೈಯಲ್ಲಿ ನನ್ನ ಬಳೆ ಹಿಡಿಯಿತು. ಬಲಗೈ ಮಣಿಕಟ್ಟಿನಿಂದ ಜೋತುಕೊಂಡಿತ್ತು.

ಬೈಯಲಿ ಅಂತ ತಲೆ ತಗ್ಗಿಸಿ ಕೂತೆ. ಅವಳು ಬೈಯಲಿಲ್ಲ. ಬಿಸಿಲಿಗೆ ಕಂದಿದ ಕಪ್ಪು ಮುಖ, ಬಣ್ಣವಿಲ್ಲದ್ದು, ಚೆಂದದ್ದು. ಅದನ್ನು ಅರ್ಧ ಸೆರಗಿನಿಂದ ಮುಚ್ಚಿಕೊಂಡೇ ಮಾತಾಡಿದಳು.

"ಗಂಡನ ಮನಿಯವರು ಬಂದಿದ್ರು ಅಕ್ಕಾ. ಕೂಸನ್ನ ನೋಡಿದ್ರು, ನನ್ನನ್ನೂ ನೋಡಿದ್ರು. ಇನ್ನೊಮ್ಮೆ ಬರ್ತೀವಿ ಅಂದು ಹೋದ್ರು. ಮತ್ತ ಬಂದಿಲ್ಲ."

ನಾನು ಬಳೆ ಕಳಚಿ ಮಗುವಿನ ಎಡಗೈಗೆ ಕೊಟ್ಟೆ.

"ಈಗ ಇವಗ ಮೊಲಿಹಾಲಿಲ್ಲ. ಆಕಳ ಹಾಲು ಕುಡೀತಾನ. ನಾನು ಹಚ್ಚಿಕೊಂಡ್ರ ಇವಗೇನೂ ಆಗಂಗಿಲ್ಲ, ಹೌದಲ್ಲ? ಒಂದ ಡಬ್ಬಿ ಕೊಡ್ರಿ ಅಕ್ಕಾ. ಮೊದಲಿನದು."

"ಇಲ್ಲವ್ವ. ಒಂದೂ ಉಳಿದಿಲ್ಲ. ಎಲ್ಲಾ ಹೂತುಬಿಟ್ಟೀನಿ" ಅಂದೆ.

ಆಸ್ಪತ್ರೆಯ ಹನ್ನೊಂದು ದಿನದಲ್ಲಿ ಒಮ್ಮೆಯೂ ಅಳದಿದ್ದವಳು ಆಗ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಮಗುವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಹಾಕಿಕೊಂಡು ನನ್ನ ಹತ್ತಿರ ಸರಿದಳು.

"ಎಲ್ಲಿ ಹೂತೀರಿ ಅಕ್ಕಾ?" ಅಂದಳು.